ಶನಿವಾರದ ಸರ್: ಪ್ರೊಬೇಷನ್‌ನಲ್ಲಿದ್ದವಳ ಹೆರಿಗೆ ರಜೆ ಮತ್ತು 800 ರೂಪಾಯಿ

ಮಂಗಳೂರಿನ ಒಂದು ಲೇಬರ್ ಕನ್ಸಲ್ಟೆಂಟ್ (ಕಾರ್ಮಿಕ ಕಾನೂನಿನ ಸಲಹೆಗಾರರ) ಆಫೀಸಿನಲ್ಲಿ ನಾನು ಕೊಟ್ಟದ್ದು 500 ರೂಪಾಯಿ ಸಲಹೆಗೆ, 300 ರೂಪಾಯಿ ಪತ್ರ ಬರೆದುಕೊಡಲಿಕ್ಕೆ. ಕ್ಯಾಶ್ ಮಾತ್ರ. ಈ 800 ರೂಪಾಯಿಯಿಂದ ನನಗೆ ಸಿಕ್ಕಿದ್ದು 26 ವಾರಗಳ ಸಂಬಳ ಸಮೇತ ರಜೆ. ಬರೀ ದುಡ್ಡಿನ ಲೆಕ್ಕವೇ ಆಗಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟು ಸುಮ್ನಿರುತ್ತಿದ್ದೆ. ನನ್ನದು ನಾಲ್ಕು. ಒಂದೆರಡು ತಕರಾರು ಇವೆ, ಅವನ್ನೂ ಬರೆಯುತ್ತೇನೆ.

ಮಂಗಳೂರಿನ ಹಂಪನಕಟ್ಟೆಯಲ್ಲಿ, ಲೇಡಿಗೋಷನ್ ಆಸ್ಪತ್ರೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ಈ ಲೇಬರ್ ಕನ್ಸಲ್ಟೆಂಟ್ ಆಫೀಸು ಇದೆ. ಹೆಸರು ಹಾಕುತ್ತಿಲ್ಲ, ಅವರೇ ಬೇಡ ಎಂದರು. ಅವರ ಮುಖ್ಯ ಕೆಲಸ ಕಂಪನಿಗಳ ಪಿಎಫ್ (ನೌಕರರ ಭವಿಷ್ಯನಿಧಿ), ಇಎಸ್‌ಐ (ನೌಕರರ ರಾಜ್ಯ ವಿಮೆ) ರಿಟರ್ನ್ ತುಂಬುವುದು. ಹೊಟ್ಟೆಪಾಡು ಕಂಪನಿಗಳಿಂದಲೇ. ನೌಕರರಿಗೆ ಸಲಹೆ ಕೊಡುವುದು ಶನಿವಾರ ಬೆಳಿಗ್ಗೆ ಮಾತ್ರ, ಮಧ್ಯಾಹ್ನ ಊಟಕ್ಕೆ ಏಳುವವರೆಗೆ. ಅದಕ್ಕೇ ಅವರಿಗೆ ‘ಶನಿವಾರದ ಸರ್’ ಎಂಬ ಹೆಸರು ಬಿದ್ದಿದೆ. ಹಂಪನಕಟ್ಟೆ ಕಡೆ ಪಿಎಫ್ ಕೆಲಸ ಮಾಡಿಸಿಕೊಂಡ ಯಾರನ್ನಾದರೂ ಕೇಳಿ, ತೋರಿಸುತ್ತಾರೆ.

ನನ್ನ ಕತೆ ಚುಟುಕಾಗಿ. 2025ರ ಜೂನ್ ಮೊದಲ ವಾರ ಬೈಕಂಪಾಡಿ ಕಡೆಯ ಒಂದು ಖಾಸಗಿ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಸೇರಿದೆ. ತಿಂಗಳಿಗೆ 24,000. ಆರು ತಿಂಗಳು ಪ್ರೊಬೇಷನ್, ಅಂದರೆ ಖಾಯಂ ಮಾಡುವ ಮೊದಲಿನ ಪರೀಕ್ಷೆಯ ಅವಧಿ. ಸೇರಿದ ಸ್ವಲ್ಪ ದಿನಕ್ಕೇ ಬಸುರಿ ಎಂದು ಗೊತ್ತಾಯಿತು. ಡಾಕ್ಟರ್ ಕೊಟ್ಟ ತಾರೀಕು 2026ರ ಮಾರ್ಚ್ ಮಧ್ಯ. ನವೆಂಬರಿನಲ್ಲಿ ಎಚ್‌ಆರ್‌ಗೆ ಹೇಳಿದೆ. ಎರಡು ದಿನಕ್ಕೆ ಮೇಲ್ ಬಂತು: ಪ್ರೊಬೇಷನ್‌ನಲ್ಲಿ ಇರುವವರಿಗೆ ಕಂಪನಿಯ ಮೆಟರ್ನಿಟಿ ಪಾಲಿಸಿ ಅನ್ವಯಿಸುವುದಿಲ್ಲ, ಲಾಸ್ ಆಫ್ ಪೇ (ಸಂಬಳ ಇಲ್ಲದೆ) ಮೇಲೆ ರಜೆ ಪರಿಗಣಿಸಬಹುದು. ಅದರ ಜೊತೆಗೆ ಇನ್ನೊಂದು ಕಾಗದ. ನನ್ನ ಪ್ರೊಬೇಷನ್ ಮೂರು ತಿಂಗಳು ಮುಂದಕ್ಕೆ ಹೋಗಿತ್ತು.

ಎಚ್‌ಆರ್‌ನ ಹುಡುಗಿ ಒಳ್ಳೆಯವಳೇ. ಕ್ಯಾಂಟೀನಿನಲ್ಲಿ ಪಕ್ಕ ಬಂದು ಕೂತು, "ಅಕ್ಕ, ನೀವು ಈಗ ರಿಸೈನ್ ಮಾಡಿಬಿಡಿ. ಡೆಲಿವರಿ ಆದ ಮೇಲೆ ಹೊಸದಾಗಿ ತೆಗೆದುಕೊಳ್ಳುತ್ತೇವೆ. ರೆಕಾರ್ಡ್ ಕ್ಲೀನ್ ಇರುತ್ತದೆ" ಎಂದಳು. ಮನೆಯಲ್ಲಿ ಮಾವನೂ ಹೆಚ್ಚುಕಮ್ಮಿ ಅದನ್ನೇ ಹೇಳಿದರು. "ಹೊಸ ಕೆಲಸ. ಸುಮ್ನೆ ಯಾಕೆ ಅವರ ಹತ್ತಿರ ಕಟ್ಟಿಕೊಳ್ಳುವುದು?" ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದರು. ಆದರೆ ಮನೆ ಸಾಲದ ಕಂತಿಗೆ ಅದು ತಿಳಿಯುವುದಿಲ್ಲವಲ್ಲ. ಆಗ ಚಿಕ್ಕಮ್ಮನ ಮಗಳು ಈ ಆಫೀಸಿನ ದಾರಿ ಹೇಳಿದಳು.

ಮೊದಲ ತಕರಾರು ಇಲ್ಲೇ ಬರುತ್ತದೆ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಎತ್ತರ, ಕಟಕಟೆ ಒಂದೇ ಕಡೆ. ಹೊಟ್ಟೆ ಹೊತ್ತುಕೊಂಡು ಬರುವವರೇ ಜಾಸ್ತಿ ಇರುವ ಜಾಗಕ್ಕೆ ಹತ್ತುವ ದಾರಿ ಇದು. ಮೇಲೆ ಹೋದರೆ ಕೂರಲಿಕ್ಕೆ ಮರದ ಒಂದು ಬೆಂಚು. ಶೌಚಾಲಯಕ್ಕೆ ಬೀಗ, ಅದರ ಕೀಲಿ ಪಕ್ಕದ ಚಾರ್ಟರ್ಡ್ ಅಕೌಂಟೆಂಟ್ ಆಫೀಸಿನಲ್ಲಿ. ಕೀಲಿ ಕೇಳಿ ತರುವಷ್ಟರಲ್ಲಿ ನಿಮ್ಮ ಸರದಿ ಹೋಗಿರುತ್ತದೆ. ಟೋಕನ್ ಪದ್ಧತಿ ಇಲ್ಲ. ಬೆಂಚಿನ ಮೇಲೆ ಯಾರು ಯಾರಿಗಿಂತ ಮೊದಲು ಎಂದು ನಾವೇ ನೆನಪಿಟ್ಟುಕೊಳ್ಳಬೇಕು.

ಸರ್‌ಗೆ ಅರುವತ್ತು ದಾಟಿದೆ. ಎಚ್‌ಆರ್ ಎಂಬ ಹೆಸರು ಬರುವ ಮೊದಲು ಪರ್ಸನಲ್ ಡಿಪಾರ್ಟ್‌ಮೆಂಟ್ ಅನ್ನುತ್ತಿದ್ದರಲ್ಲ, ಆ ಕಾಲದಿಂದ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡಿದವರು. ಒಳಗೆ ಕೂತ ಕೂಡಲೇ ಕೇಳಿದ್ದು ನನ್ನ ಹೆಸರಲ್ಲ, ಕಂಪನಿಯ ಹೆಸರು. ಹೇಳಿದೆ. ಡಯರಿ ತಿರುವಿ ನೋಡಿದರು. "ನಮ್ಮ ಪಾರ್ಟಿ ಅಲ್ಲ. ಮಾತಾಡಬಹುದು" ಎಂದರು. ಅವರ ಗಿರಾಕಿ ಕಂಪನಿಯ ನೌಕರರು ಬಂದರೆ ಫೀಸೂ ತೆಗೆದುಕೊಳ್ಳುವುದಿಲ್ಲ, ಸಲಹೆಯೂ ಕೊಡುವುದಿಲ್ಲ. ಬೇರೆ ವಕೀಲರ ಹತ್ತಿರ ಕಳಿಸುತ್ತಾರೆ. ಎರಡೂ ಕಡೆ ತಿನ್ನುವವರನ್ನು ನಾವು ಬೇಕಾದಷ್ಟು ನೋಡಿದ್ದೇವೆ ಅಲ್ವಾ? ನನಗೆ ಅಲ್ಲೇ ಅರ್ಧ ನಂಬಿಕೆ ಬಂತು.

ಎರಡನೇ ಪ್ರಶ್ನೆ, "ಸಂಬಳ ಎಷ್ಟು ಉಂಟು?" ಮೂರನೆಯದು, "ಒಟ್ಟು ಎಷ್ಟು ಜನ ಕೆಲಸಕ್ಕಿದ್ದಾರೆ?" ನಾಲ್ಕನೆಯದು, "ಡೇಟ್ ಯಾವಾಗ ಕೊಟ್ಟಿದ್ದಾರೆ?" ಪ್ರೊಬೇಷನ್ ಬಗ್ಗೆ ಕೇಳಲೇ ಇಲ್ಲ. ನಾನೇ ಆಫರ್ ಲೆಟರ್ ತೆಗೆದು, ‘ಪ್ರೊಬೇಷನ್ ಅವಧಿಯಲ್ಲಿ ಯಾವುದೇ ರಜೆಗೆ ಅರ್ಹತೆ ಇರುವುದಿಲ್ಲ’ ಎಂಬ ಸಾಲು ತೋರಿಸಿದೆ. ಕನ್ನಡಕ ಮೇಲೆ ಮಾಡಿ ಓದಿದರು. "ಇದು ನಿಮ್ಮ ಕ್ಯಾಶುವಲ್ ಲೀವಿಗೆ ಸರಿ. ಹೆರಿಗೆ ರಜೆ ಕಂಪನಿ ಕೊಡುವ ರಜೆ ಅಲ್ಲ. ಕಾನೂನು ಕೊಡುವುದು. ಕಂಪನಿ ಬರೀ ಸಂಬಳ ಹಾಕುವುದು" ಎಂದರು.

1961ರ ಹೆರಿಗೆ ಸೌಲಭ್ಯ ಕಾಯ್ದೆ ಹೆಂಗಸಿಗೆ ಇಡುವ ಷರತ್ತು ಒಂದೇ. ಹೆರಿಗೆಗೆ ಕೊಟ್ಟ ತಾರೀಕಿಗಿಂತ ಹಿಂದಿನ 12 ತಿಂಗಳಲ್ಲಿ, ಆ ಕಂಪನಿಯಲ್ಲಿ, ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಖಾಯಂ ಆಗಿರಬೇಕು ಎಂದು ಎಲ್ಲೂ ಇಲ್ಲ. ವರ್ಷ ತುಂಬಿರಬೇಕು ಎಂದೂ ಇಲ್ಲ. ಸೇರುವಾಗ ಬಸುರಿ ಆಗಿರಬಾರದು, ಆಗಿದ್ದರೆ ಮೊದಲೇ ಹೇಳಿರಬೇಕು ಎಂಬ ಷರತ್ತೂ ಇಲ್ಲ. ಕರಾರಿನಲ್ಲಿ ಏನೇ ಬರೆಸಿಕೊಂಡಿದ್ದರೂ ಕಾನೂನು ಕೊಟ್ಟದ್ದಕ್ಕಿಂತ ಕಡಿಮೆ ಮಾಡಲಿಕ್ಕೆ ಆಗುವುದಿಲ್ಲ. ಜಾಸ್ತಿ ಕೊಡುತ್ತೇನೆ ಎಂದರೆ ಕೊಡಬಹುದು.

ನಾನು ಹೋದದ್ದು ನವೆಂಬರ್ ಕೊನೆಯ ಶನಿವಾರ. ಅದರ ಹಿಂದಿನ ವಾರವಷ್ಟೇ, 2025ರ ನವೆಂಬರ್ 21ಕ್ಕೆ, ಹೊಸ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿತ್ತು. ಹಳೇ ಕಾಯ್ದೆ ಅದರೊಳಗೆ ಸೇರಿಹೋಯಿತು. ನಮ್ಮ ಕಂಪನಿಯವರು ಅದನ್ನೂ ಒಂದು ನೆಪ ಮಾಡಿದ್ದರು, ‘ಹೊಸ ಕಾನೂನು ಬಂದಿದೆ, ಸ್ಪಷ್ಟತೆ ಇಲ್ಲ’ ಎಂದು. ಸರ್ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರು. ಎಡಕ್ಕೆ ಬೆನ್ನು ಹರಿದ ಹಳೇ ಪುಸ್ತಕ, ಬಲಕ್ಕೆ ಬಿಸಿ ಬಿಸಿ ಪ್ರಿಂಟ್ ಔಟ್. ಎರಡರಲ್ಲೂ ಪೆನ್ಸಿಲಿನಲ್ಲಿ ಗೆರೆ ಹಾಕಿ ತೋರಿಸಿದರು. 80 ದಿನ ಅಲ್ಲೂ 80, ಇಲ್ಲೂ 80. 26 ವಾರ ಅಲ್ಲೂ 26, ಇಲ್ಲೂ 26. ಹನ್ನೆರಡು ವಾರ ಇದ್ದದ್ದು 26 ಆದದ್ದು 2017ರ ತಿದ್ದುಪಡಿಯಲ್ಲಿ, ಆ ವರ್ಷ ಏಪ್ರಿಲ್ 1ರಿಂದ.

ಆಮೇಲೆ ದಿನದ ಲೆಕ್ಕ. ನನಗೆ ತುಂಬಾ ಇಷ್ಟವಾದದ್ದು ಇದು. ಗೋಡೆಗೆ ನೇತುಹಾಕಿದ್ದ ಬ್ಯಾಂಕಿನ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲೆ ಹರಡಿದರು. ಮಾರ್ಚ್ ಮಧ್ಯದಿಂದ ಹಿಂದಕ್ಕೆ ಹನ್ನೆರಡು ತಿಂಗಳು ಎಣಿಸಿ, ಹಿಂದಿನ ಮಾರ್ಚ್ ಎಂದು ಮಾರ್ಜಿನಿನಲ್ಲಿ ಬರೆದರು. "ಈ ಗೆರೆ ಮತ್ತು ಆ ಗೆರೆ. ಇದರ ಒಳಗೆ ನೀವು ಮಾಡಿದ ಕೆಲಸ ಮಾತ್ರ ಲೆಕ್ಕ. ಮೊದಲಿನ ಕಂಪನಿಯಲ್ಲಿ ಹತ್ತು ವರ್ಷ ದುಡಿದಿದ್ದರೂ ಇಲ್ಲಿ ಸೊನ್ನೆ." ನನ್ನ ಸಂಬಳದ ಚೀಟಿಗಳನ್ನು ಸಾಲಾಗಿ ಇಡಿಸಿ, ಪ್ರತಿ ಚೀಟಿಯ ಹಾಜರಿ ಅಂಕಿಗೆ ಕೆಂಪು ಸುತ್ತು. ಅಷ್ಟಮಿಗೆ ನಾನು ಊರಿಗೆ ಹೋಗಿ ಮಾಡಿಕೊಂಡಿದ್ದ ಲಾಸ್ ಆಫ್ ಪೇ ಕಳೆದರು. ಕಾನೂನು ಪ್ರಕಾರ ಸಂಬಳ ಸಮೇತ ಇರುವ ಹಬ್ಬದ ರಜೆಗಳನ್ನು ಕೂಡಿಸಿದರು. ಅಂಥ ರಜೆ, ಕಂಪನಿಯೇ ಲೇ-ಆಫ್ ಮಾಡಿ ಮನೆಗೆ ಕಳಿಸಿದ ದಿನ, ಎರಡೂ ಕೆಲಸದ ದಿನವಾಗಿಯೇ ಲೆಕ್ಕಕ್ಕೆ ಬರುತ್ತವೆ. ದಸರಾ ಬರುವ ಮೊದಲೇ ನನ್ನ 80 ಮುಗಿದು ಹೋಗಿತ್ತು. ಅಲ್ಲಿಗೆ ಪೆನ್ಸಿಲ್ ಕೆಳಗಿಟ್ಟರು.

ಈ ಲೆಕ್ಕ ಎಲ್ಲರಿಗೂ ಹೀಗೆ ಸುಲಭವಾಗಿ ಬೀಳುವುದಿಲ್ಲ. ಡಿಸೆಂಬರಿನಲ್ಲಿ ಸೇರಿ, ಏಪ್ರಿಲಿನಲ್ಲಿ ಹೆರಿಗೆ, ಫೆಬ್ರವರಿಯಲ್ಲೇ ಡಾಕ್ಟರ್ ಬೆಡ್ ರೆಸ್ಟ್ ಬರೆದರೆ 80 ಆಗುವುದಿಲ್ಲ. ಹೊಸ ಕೆಲಸಕ್ಕೆ ಸೇರಿದವರು ಪ್ರೊಬೇಷನ್ ಯಾವಾಗ ಮುಗಿಯುತ್ತದೆ ಎಂದು ನೋಡುವ ಬದಲು 80 ಯಾವಾಗ ತುಂಬುತ್ತದೆ ಎಂದು ನೋಡಿ. ಡಾಕ್ಟರು ಅನುಮತಿ ಕೊಟ್ಟರೆ ಆ ತಾರೀಕಿನವರೆಗಾದರೂ ಹೋಗಿ.

ಇನ್ನು ಸಂಬಳ ಎಷ್ಟು ಎಂದು ಮೊದಲೇ ಕೇಳಿದ್ದು ಯಾಕೆ? ತಿಂಗಳ ಸಂಬಳ 21,000 ಅಥವಾ ಅದಕ್ಕಿಂತ ಕಡಿಮೆ ಇದ್ದು ಇಎಸ್‌ಐ ಕಡಿತ ಆಗುತ್ತಿದ್ದರೆ ದಾರಿಯೇ ಬೇರೆ. ಆಗ ದುಡ್ಡು ಬರುವುದು ಕಂಪನಿಯಿಂದ ಅಲ್ಲ, ಇಎಸ್‌ಐ ನಿಗಮದಿಂದ. ಅಲ್ಲಿ 26 ವಾರ ಅಷ್ಟೇ ಇದೆ, ಆದರೆ ಷರತ್ತು 80 ದಿನದ ಕೆಲಸ ಅಲ್ಲ, 70 ದಿನದ ವಂತಿಗೆ. ಅದೂ ಯಾವುದೋ 70 ದಿನ ಅಲ್ಲ. ಇಎಸ್‌ಐಗೆ ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್ ಎಂದು ಎರಡು ವಂತಿಗೆ ಅವಧಿಗಳಿವೆ. ನಿಮ್ಮ ಹೆರಿಗೆ ಬೀಳುವ ಅವಧಿಗೆ ಹೊಂದುವ, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಆ 70 ದಿನ ಇರಬೇಕು. ಮೊನ್ನೆ ಮೊನ್ನೆ ಸೇರಿದವರಿಗೆ ಇಲ್ಲೇ ಕೈ ಕೊಡುವುದು. ನಮ್ಮ ರಿಸೆಪ್ಷನ್ ಹುಡುಗಿಗೆ ಈ ವಿಷಯ ಹೇಳಿದಾಗ ಅವಳು ತನ್ನ ಇಎಸ್‌ಐ ನಂಬರು ಎಲ್ಲಿದೆ ಎಂದೇ ನೋಡಿರಲಿಲ್ಲ. ಪ್ರತಿ ತಿಂಗಳು ಸಂಬಳದಿಂದ 0.75 ಪರ್ಸೆಂಟ್ ಹೋಗುತ್ತಿದೆ ಮಾರಾಯ್ರೆ, ಕಾರ್ಡ್ ನೋಡಿಕೊಳ್ಳಿ. ಕಂಪನಿ ಅದರ ಮೇಲೆ 3.25 ಹಾಕುತ್ತದೆ.

ಎಷ್ಟು ಜನ ಎಂಬ ಪ್ರಶ್ನೆಗೂ ಅರ್ಥ ಇದೆ. ಅಂಗಡಿ, ಆಫೀಸು, ಕ್ಲಿನಿಕ್ ಇಂಥವಕ್ಕೆ ಈ ಕಾನೂನು ತಾಗುವುದು ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ. ನನ್ನ ಹಿಂದೆ ಬೆಂಚಿನಲ್ಲಿ ಕೂತಿದ್ದವಳು ಒಂದು ಹಲ್ಲಿನ ಕ್ಲಿನಿಕ್‌ನ ಹುಡುಗಿ. ಅಲ್ಲಿ ಎಲ್ಲ ಸೇರಿ ಆರು ಜನ. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸುತ್ತಿತ್ತು. "ನಿಮಗೆ ಈ ಕಾನೂನು ಬರುವುದಿಲ್ಲ ಅಮ್ಮಾ. ಡಾಕ್ಟರ ಹತ್ತಿರ ಒಳ್ಳೆ ಮಾತಲ್ಲೇ ಕೇಳಬೇಕಷ್ಟೆ" ಎಂದರು ಸರ್. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಅರ್ಹರಿಗೆ 5,000 ರೂಪಾಯಿ ಬರುತ್ತದೆ, ನಿಮ್ಮ ಊರಿನ ಅಂಗನವಾಡಿಯಲ್ಲಿ ಕೇಳಿ ಎಂದರು. ಅವಳು ಪರ್ಸ್ ತೆಗೆದಾಗ ಕೈ ಅಡ್ಡ ಮಾಡಿದರು. ಆಗುವುದಿಲ್ಲ ಎಂದು ಹೇಳಿದ್ದಕ್ಕೆ ದುಡ್ಡು ತೆಗೆದುಕೊಳ್ಳದವರು ಈ ಊರಲ್ಲಿ ಎಷ್ಟು ಜನ ಇದ್ದಾರೋ ನನಗೆ ಗೊತ್ತಿಲ್ಲ. ಆದರೆ ಅವಳ ಮನೆ ವಿಷಯ ನಮಗೆಲ್ಲ ಕೇಳಿಸಿತಲ್ಲ, ಅದು ಸರಿ ಅನಿಸಲಿಲ್ಲ. ಬಾಗಿಲು ಹಾಕಿಕೊಳ್ಳಬೇಕು. ಎರಡನೇ ತಕರಾರು ಎಂದು ಬರೆದುಕೊಳ್ಳಿ.

ನನಗೆ ಕೊಟ್ಟ ಮೊದಲ ಆರ್ಡರ್, "ರಾಜೀನಾಮೆ ಬರೆಯಬೇಡಿ. ಯಾರು ಎಷ್ಟು ಪ್ರೀತಿಯಿಂದ ಕೇಳಿದರೂ ಬರೆಯಬೇಡಿ." ಕಂಪನಿಯೇ ಬಸುರಿಯನ್ನು ತೆಗೆದುಹಾಕಿದರೆ ಅವಳ ಹೆರಿಗೆ ಸೌಲಭ್ಯ ಹೋಗುವುದಿಲ್ಲ. ದೊಡ್ಡ ದುರ್ನಡತೆ ಇದ್ದು ಲಿಖಿತ ಆದೇಶ ಕೊಟ್ಟರೆ ಮಾತ್ರ ಬೇರೆ ಮಾತು. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು, ಅವಳಿಗೆ ನಷ್ಟವಾಗುವ ಹಾಗೆ ಕೆಲಸದ ಷರತ್ತು ಬದಲಿಸುವುದು ಕಾನೂನುಬಾಹಿರ. ಆದರೆ ನಾವೇ ಬರೆದು ಕೊಟ್ಟ ರಾಜೀನಾಮೆಗೆ ಈ ರಕ್ಷಣೆ ಯಾವುದೂ ಇಲ್ಲ. ಕ್ಯಾಂಟೀನಿನ ಆ ಸಿಹಿ ಮಾತಿನ ಬೆಲೆ ಎಷ್ಟು ಎಂದು ನನಗೆ ಆಗ ತಿಳಿಯಿತು. ಆ ಹುಡುಗಿಗೂ ತಿಳಿದಿರಲಿಕ್ಕಿಲ್ಲ, ಮೇಲಿನವರು ಹೇಳಿಕೊಟ್ಟದ್ದನ್ನು ಹೇಳಿದ್ದಳು.

ಪತ್ರ ಬರೆದವರು ಸರ್ ಅಲ್ಲ, ಅವರ ಅಸಿಸ್ಟೆಂಟ್ ಮೇಡಂ. 300 ರೂಪಾಯಿ ಇವರಿಗೆ ಕೊಟ್ಟದ್ದು ನೂರಕ್ಕೆ ನೂರು ಸಾರ್ಥಕ. ನಾನು ಮನೆಯಲ್ಲಿ ಬರೆದುಕೊಂಡು ಹೋಗಿದ್ದು ಎರಡು ಪುಟ. ನನ್ನ ಕಷ್ಟ, ಸಾಲದ ಕಂತು, ಕಂಪನಿಗಾಗಿ ತಡರಾತ್ರಿವರೆಗೆ ಮಾಡಿದ ಜಿಎಸ್‌ಟಿ ಕೆಲಸ, ಎಲ್ಲ ಇತ್ತು. ಅವರು ಓದಿ, ಪಕ್ಕಕ್ಕಿಟ್ಟು, ಅರ್ಧ ಪುಟದ ಹೊಸ ಪತ್ರ ಟೈಪ್ ಮಾಡಿದರು. ‘ದಯವಿಟ್ಟು ಪರಿಗಣಿಸಿ’ ಎಂಬ ಮಾತೇ ಇಲ್ಲ. ನಾನು ಸೇರಿದ ದಿನ, ಹೆರಿಗೆಯ ತಾರೀಕು, ರಜೆ ಶುರುವಾಗುವ ತಾರೀಕು, ನನಗೇನಾದರೂ ಆದರೆ ಹಣ ಯಾರಿಗೆ ಕೊಡಬೇಕು ಎಂಬ ನಾಮಿನಿ ಹೆಸರು, ರಜೆಯ ಅವಧಿಯಲ್ಲಿ ಬೇರೆಲ್ಲೂ ಕೆಲಸ ಮಾಡುವುದಿಲ್ಲ ಎಂಬ ಒಂದು ವಾಕ್ಯ. ಜೊತೆಗೆ ಡಾಕ್ಟರ್ ಸರ್ಟಿಫಿಕೇಟ್. ಕಟ್ಟಕಡೆಗೆ ಒಂದು ಸಾಲು: ಕೆಲಸಕ್ಕೆ ಸೇರುವಾಗಲೇ ಪ್ರತಿ ಮಹಿಳೆಗೆ ಹೆರಿಗೆ ಸೌಲಭ್ಯಗಳ ಬಗ್ಗೆ ಬರವಣಿಗೆಯಲ್ಲೂ ಇಮೇಲಿನಲ್ಲೂ ತಿಳಿಸಬೇಕಿತ್ತು, ನನಗೆ ತಿಳಿಸಿದ ಪ್ರತಿಯನ್ನು ಕಳಿಸಿಕೊಡಿ.

"ಇದು ಯಾಕೆ ಮೇಡಂ, ಅವರು ಕೊಟ್ಟೇ ಇಲ್ಲವಲ್ಲ?" ಎಂದೆ.

"ಅದಕ್ಕೇ" ಎಂದರು ಅವರು, ಪ್ರಿಂಟರಿನ ಕಡೆ ತಿರುಗುತ್ತಾ.

2017ರ ತಿದ್ದುಪಡಿಯಲ್ಲೇ ಬಂದ ನಿಯಮ ಅದು. ನಾನು ಸೇರಿದ ಜೂನ್ ತಿಂಗಳಲ್ಲಿ ಜಾರಿಯಲ್ಲಿತ್ತು. ಸೇರಿದ ದಿನ ನನಗೆ ಕೊಟ್ಟದ್ದು ಒಂದು ಡಯರಿ, ಒಂದು ನೀರಿನ ಬಾಟ್ಲಿ ಮತ್ತು ಡ್ರೆಸ್ ಕೋಡ್ ಪಟ್ಟಿ.

ಪತ್ರವನ್ನು ಮೇಲ್ ಮಾಡಿ, ಕಾಗದವನ್ನು ಪೋಸ್ಟಿನಲ್ಲೂ ಕಳಿಸಿ ಎಂದರು. ರಿಜಿಸ್ಟರ್ ಪೋಸ್ಟ್ ಈಗ ಸ್ಪೀಡ್ ಪೋಸ್ಟಿಗೆ ಸೇರಿಹೋಗಿದೆ, ಕೌಂಟರಿನಲ್ಲಿ ರಿಜಿಸ್ಟರ್ ಎಂದು ಕೇಳಿ ನಿಲ್ಲಬೇಡಿ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ ಎಂದೂ ಹೇಳಿದರು. ಇಂಥ ಸಣ್ಣ ವಿಷಯಕ್ಕೂ ಗಮನ ಕೊಡುವುದರಿಂದಲೇ ನಾನು ಈ ಜಾಗ ಮೆಚ್ಚಿದ್ದು.

ಹಣದ ಲೆಕ್ಕವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ರಜೆ ಶುರುವಾಗುವ ಮೊದಲಿನ ಮೂರು ತಿಂಗಳಲ್ಲಿ ಕೆಲಸ ಮಾಡಿದ ದಿನಗಳ ಸರಾಸರಿ ಸಂಬಳವೇ ಆಧಾರ. 26 ವಾರ ಎಂದರೆ ಭಾನುವಾರಗಳೂ ಸೇರಿ. ಭಾನುವಾರ ಬಿಟ್ಟು ಲೆಕ್ಕ ಹಾಕುವ ಆಟವನ್ನು ಸುಪ್ರೀಂ ಕೋರ್ಟ್ 1977ರಲ್ಲೇ ನಿಲ್ಲಿಸಿದೆ, ಕೊಯಮತ್ತೂರು ಲೇಬರ್ ಕೋರ್ಟಿನಿಂದ ಶುರುವಾಗಿ ಮೇಲಕ್ಕೆ ಹೋದ ಒಂದು ಕೇಸಿನಲ್ಲಿ. ಹೆರಿಗೆಗೆ ಮೊದಲು ಹೆಚ್ಚೆಂದರೆ ಎಂಟು ವಾರ ತೆಗೆದುಕೊಳ್ಳಬಹುದು, ಉಳಿದದ್ದು ಆಮೇಲೆ. ಎರಡು ಮಕ್ಕಳು ಆಗಲೇ ಇದ್ದವರಿಗೆ ಮಾತ್ರ 26ರ ಬದಲು 12 ವಾರ. ಹೆರಿಗೆಗೆ ಮೊದಲಿನ ಅವಧಿಯ ಹಣ ಮುಂಗಡವಾಗಿ, ಉಳಿದದ್ದು ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಕೊಡಬೇಕು. ಕಂಪನಿ ತನ್ನ ಖರ್ಚಿನಲ್ಲಿ ಆಸ್ಪತ್ರೆ ವ್ಯವಸ್ಥೆ ಮಾಡದಿದ್ದರೆ 3,500 ರೂಪಾಯಿ ಮೆಡಿಕಲ್ ಬೋನಸ್ ಬೇರೆ. ಗರ್ಭಪಾತ ಆದರೆ ಆರು ವಾರದ ರಜೆ ಎಂದು ಕೊನೆಗೆ, ಸಣ್ಣ ಅಕ್ಷರದಲ್ಲಿ. ಅದನ್ನು ಬಾಯಲ್ಲಿ ಹೇಳಲಿಲ್ಲ, ಬರೆದು ಮಡಚಿ ಕೊಟ್ಟರು. ಬಸುರಿಯ ಎದುರು ಆ ಮಾತು ಆಡಬಾರದು ಎಂಬುದು ಅವರ ಲೆಕ್ಕ. ತಿಳಿದಿರಬೇಕಾದ್ದನ್ನು ಮುಚ್ಚಿಡಲೂ ಇಲ್ಲ.

ಎರಡು ಕೋರ್ಟ್ ತೀರ್ಪುಗಳ ಹೆಸರನ್ನೂ ಕೊಟ್ಟರು, ಬೇಕಾದರೆ ಬಳಸಿ ಎಂದು. ಒಂದು 2000ನೇ ಇಸವಿಯದು. ದೆಹಲಿ ನಗರ ಪಾಲಿಕೆಯಲ್ಲಿ ಮಸ್ಟರ್ ರೋಲ್ (ಕೂಲಿಯವರ ಹಾಜರಿ ಪಟ್ಟಿ) ಮೇಲೆ ದಿನಗೂಲಿ ಮಾಡುತ್ತಿದ್ದ ಹೆಂಗಸರಿಗೂ ಈ ಸೌಲಭ್ಯ ಉಂಟು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇನ್ನೊಂದು 2023ರ ಕವಿತಾ ಯಾದವ್ ಕೇಸು. ಗುತ್ತಿಗೆ ವೈದ್ಯೆಯ ಕಾಂಟ್ರಾಕ್ಟ್ ಮುಗಿದು ಹೋದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಎಂಬ ತೀರ್ಪು. ದಿನಗೂಲಿಯವರಿಗೆ, ಕಾಂಟ್ರಾಕ್ಟ್ ಮುಗಿದವರಿಗೇ ಸಿಗುವಾಗ ಆಫರ್ ಲೆಟರ್ ಕೈಲಿರುವ ನನಗೆ ಪ್ರೊಬೇಷನ್ ಅಡ್ಡ ಬರುವುದು ಹೇಗೆ? ಇವನ್ನು ನಾನು ಬಳಸಬೇಕಾಗಿ ಬರಲಿಲ್ಲ.

ಹತ್ತು ಹನ್ನೆರಡು ದಿನ ಕಂಪನಿಯಿಂದ ಉತ್ತರ ಇಲ್ಲ. ಆಮೇಲೆ ‘ನಮ್ಮ ಆಡಿಟರ್ ಜೊತೆ ಚರ್ಚಿಸುತ್ತಿದ್ದೇವೆ’ ಎಂಬ ಒಂದು ಮೇಲ್. ಕ್ರಿಸ್‌ಮಸ್‌ಗೆ ಮೊದಲು ಒಪ್ಪಿಗೆ ಬಂತು. 26 ವಾರ, ಸಂಬಳ ಸಮೇತ, ಫೆಬ್ರವರಿ ಮಧ್ಯದಿಂದ. ಸೌಲಭ್ಯದ ಮಾಹಿತಿ ಕೊಟ್ಟ ಪ್ರತಿಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಮುಂಗಡ ಕೊಡಲಿಲ್ಲ, ತಿಂಗಳಿಗೊಮ್ಮೆ ಸಂಬಳದ ಜೊತೆಯೇ ಹಾಕುತ್ತಿದ್ದಾರೆ. ಬರುತ್ತಿದೆಯಲ್ಲ ಎಂದು ನಾನೂ ಬಿಟ್ಟೆ.

ಈಗ ಒಂದು ಸ್ಟಾರ್ ಕಡಿಮೆ ಮಾಡಿದ ನಿಜವಾದ ಕಾರಣ. ಮೆಟ್ಟಿಲು, ಬಾಗಿಲು ಎಲ್ಲ ಸಹಿಸಬಹುದು. ಮುಂದಕ್ಕೆ ಹಾಕಿದ ಪ್ರೊಬೇಷನ್ ಬಗ್ಗೆ ಕೇಳಿದಾಗ ಸರ್, "ಅದನ್ನು ಹಿಡಿಯಬೇಡಿ. ಸಂಬಳ ಬಂತಲ್ಲ, ಸಾಕು. ವಾಪಸ್ ಬಂದು ಅವರ ಎದುರೇ ಕೂತು ಕೆಲಸ ಮಾಡಬೇಕು ನೀವು" ಎಂದರು. ನಾನು ಬಸುರಿ ಎಂದು ಹೇಳಿದ ವಾರದಲ್ಲೇ ಪ್ರೊಬೇಷನ್ ಉದ್ದವಾದದ್ದು ಕಾಕತಾಳೀಯ ಅಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರ ಮಾತಿನಲ್ಲಿ ಅನುಭವ ಇದೆ, ಇಲ್ಲ ಎನ್ನುವುದಿಲ್ಲ. ನಲವತ್ತು ವರ್ಷ ಮ್ಯಾನೇಜ್‌ಮೆಂಟ್ ಕಡೆಯ ಕುರ್ಚಿಯಲ್ಲಿ ಕೂತವರ ಅನುಭವ ಅದು. ನನಗೆ ಕನಿಷ್ಠ ಒಂದು ಸಾಲಿನ ಆಕ್ಷೇಪ ಪತ್ರವಾದರೂ ದಾಖಲೆಗೆ ಹೋಗಬೇಕಿತ್ತು. ಅಸಿಸ್ಟೆಂಟ್ ಮೇಡಂ ಹತ್ತಿರ ಹೇಳಿದೆ. ಅವರು ಸರ್ ಮುಖ ನೋಡಿ ಸುಮ್ಮನಾದರು. ಕೊನೆಗೆ ನಾನೇ ಮನೆಯಲ್ಲಿ ಕೂತು ಬರೆದು ಮೇಲ್ ಮಾಡಿದೆ: ಕೆಲಸದಲ್ಲಿ ಏನು ಕೊರತೆ ಇತ್ತು ಎಂದು ಬರವಣಿಗೆಯಲ್ಲಿ ತಿಳಿಸಿ ಎಂದು. ಉತ್ತರ ಬಂದಿಲ್ಲ. ಆದರೆ ಮೇಲ್ ಇದೆ, ತಾರೀಕು ಇದೆ. ಸಂಬಳಕ್ಕಾಗಿ ಹೋಗುವವರಿಗೆ ಈ ಆಫೀಸು ಸರಿ. ಮರ್ಯಾದೆಯ ಪ್ರಶ್ನೆಗೂ ಹೋರಾಡುವವರು ಬೇಕಾದರೆ ಬೇರೆ ವಕೀಲರನ್ನು ನೋಡಿ.

ಮತ್ತೆ, 800 ರೂಪಾಯಿ ಕೊಡಲೇಬೇಕು ಎಂದೇನಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. 15100ಕ್ಕೆ ಫೋನ್ ಮಾಡಬಹುದು, ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. ಮಂಗಳೂರಿನಲ್ಲೂ ಉಂಟು, ಉಡುಪಿಯಲ್ಲೂ ಉಂಟು. ಕಂಪನಿ ಪತ್ರಕ್ಕೆ ಬಗ್ಗದೆ ವಿಷಯ ದೂರಿಗೆ ಹೋಗುವ ಹಾಗಿದ್ದರೆ ಆ ದಾರಿಯೇ ಒಳ್ಳೆಯದು, ಶನಿವಾರದ ಸರ್ ಕೋರ್ಟಿಗೆ ಬರುವವರಲ್ಲ. ನಾನು ಇವರ ಹತ್ತಿರ ಹೋದದ್ದು ಪತ್ರದಲ್ಲೇ ಮುಗಿಯಲಿ ಎಂಬ ಆಸೆಯಿಂದ.

ಹೋಗುವವರು ಆಫರ್ ಲೆಟರ್, ಸೇರಿದ ದಿನದಿಂದ ಇಲ್ಲಿವರೆಗಿನ ಎಲ್ಲ ಸಂಬಳ ಚೀಟಿ, ಡಾಕ್ಟರ್ ಬರೆದ ತಾರೀಕಿನ ಕಾಗದ, ಎಚ್‌ಆರ್ ಕಳಿಸಿದ ಮೇಲ್‌ಗಳ ಪ್ರಿಂಟ್ ತೆಗೆದುಕೊಂಡು ಹೋಗಿ. ಮೊಬೈಲಿನಲ್ಲಿ ತೋರಿಸಿದರೆ ಸರ್‌ಗೆ ಆಗುವುದಿಲ್ಲ, ಕೆಂಪು ಸುತ್ತು ಹಾಕಲಿಕ್ಕೆ ಕಾಗದವೇ ಬೇಕು. ಬೆಳಿಗ್ಗೆ ಬೇಗ ಹೋಗಿ. ಕುಡಿಯುವ ನೀರು ನೀವೇ ಒಯ್ಯಿರಿ. ಗಂಡನನ್ನು ಕರೆದುಕೊಂಡು ಹೋದರೆ ಬೆಂಚಿನಲ್ಲಿ ಜಾಗ ಹಿಡಿಯುವ ಕೆಲಸಕ್ಕೆ ಆಗುತ್ತಾರೆ.

ನಾನಿನ್ನೂ ರಜೆಯಲ್ಲಿದ್ದೇನೆ, ಕಾಪುವಿನ ತವರಿನಲ್ಲಿ. ಆಗಸ್ಟ್ ಮಧ್ಯದಲ್ಲಿ ವಾಪಸ್. ಮಗುವಿಗೆ 15 ತಿಂಗಳು ಆಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕೊಡಬೇಕು ಎಂದು ಚೀಟಿಯಲ್ಲಿದೆ, ಸುರತ್ಕಲ್ ಮನೆಗೂ ಬೈಕಂಪಾಡಿಗೂ ಓಡಾಡಿ ಅದನ್ನು ಹೇಗೆ ಬಳಸುವುದು ಎಂದು ಇನ್ನೂ ತಿಳಿದಿಲ್ಲ. 50 ಜನಕ್ಕಿಂತ ಕಡಿಮೆ ಇರುವ ಕಂಪನಿಯಾದ್ದರಿಂದ ಶಿಶುಪಾಲನಾ ಕೇಂದ್ರ ಕೇಳುವ ಹಾಗಿಲ್ಲ. 3,500 ರೂಪಾಯಿ ಮೆಡಿಕಲ್ ಬೋನಸ್ ಈವರೆಗೆ ಖಾತೆಗೆ ಬಂದಿಲ್ಲ. ಎರಡು ಸಲ ನೆನಪಿಸಿದ್ದೇನೆ, ‘ಮುಂದಿನ ಸೈಕಲ್’, ಅಂದರೆ ಮುಂದಿನ ಸಂಬಳದ ಜೊತೆ, ಎನ್ನುತ್ತಾರೆ. ಬಂದರೆ ಇಲ್ಲೇ ಕೆಳಗೆ ಸೇರಿಸುತ್ತೇನೆ.